ಪ್ರಿಯಾನ್ ಪ್ರೋಟೀನು ಮತ್ತು ಮಿದುಳಿನ ಗಡ್ಡೆ

ಗೃಹಿಣಿಯೊಬ್ಬರು ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಅವರ ಯಜಮಾನರಿಗೆ ಮಿದುಳಿನ ಗಡ್ಡೆಯ ಶಸ್ತ್ರಚಿಕಿತ್ಸೆಯಾಗಿ ಕೆಲವೇ ವಾರಗಳಾಗಿದ್ದವು. ‘ಅವರ ತಟ್ಟೆ, ಲೋಟ ಬೇರೆ ಇಟ್ಟಿದ್ದೇವೆ. ಮಕ್ಕಳನ್ನೂ ಹತ್ತಿರ ಬಿಡುತ್ತಿಲ್ಲ. ಸರಿ ತಾನೇ ಡಾಕ್ಟ್ರೇ?’ ಎಂದು ಕೇಳಿದರು. ಈ ಗಡ್ಡೆಯಲ್ಲಿ ‘ಹುಚ್ಚು ಹಸು ರೋಗ’ದ ಪ್ರಿಯಾನ್ ಇರುತ್ತದೆಂದು ನೆಂಟರೊಬ್ಬರು ಹೇಳಿದ್ದರಂತೆ.

ಇದು ಅರ್ಧ ಸತ್ಯ. ಪೂರ್ತಿ ಸತ್ಯವೇನೆಂದು ನೋಡೋಣ.

ಪ್ರಿಯಾನ್ ಎಂದರೇನು?

ನಮ್ಮೆಲ್ಲರ ನರಕೋಶಗಳ ಹೊರಮೈಯಲ್ಲಿ ಪ್ರಿಯಾನ್ ಪ್ರೋಟೀನು ಹುಟ್ಟಿನಿಂದಲೇ ಇರುತ್ತದೆ. ನರಕೋಶಗಳ ಬೆಳವಣಿಗೆ ಹಾಗೂ ರಕ್ಷಣೆಯಲ್ಲಿ ಅದಕ್ಕೆ ಪಾತ್ರವಿದೆ. ಆದರೆ ಈ ಪ್ರೋಟೀನಿನ ಮಡಿಕೆ ತಪ್ಪಿ ಆಕಾರ ಕೆಟ್ಟರೆ, ಪಕ್ಕದ ಒಳ್ಳೆಯ ಪ್ರೋಟೀನನ್ನೂ ತನ್ನಂತೆಯೇ ಕೆಡಿಸುತ್ತದೆ. 1986ರಲ್ಲಿ ಬ್ರಿಟನ್ನಿನಲ್ಲಿ ಗುರುತಿಸಲಾದ ಹುಚ್ಚು ಹಸು ರೋಗಕ್ಕೆ ಕಾರಣ ಇಂಥ ಕೆಟ್ಟ ಪ್ರಿಯಾನ್. 1982ರಲ್ಲಿ ‘ಪ್ರಿಯಾನ್’ ಎಂದು ಹೆಸರಿಟ್ಟ ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಪ್ರುಸಿನರ್ ಅವರಿಗೆ 1997ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಗಡ್ಡೆಗೂ ಇದಕ್ಕೂ ಏನು ಸಂಬಂಧ?

ಮಿದುಳಿನ ಗಡ್ಡೆಗಳಲ್ಲಿ ಅತಿ ಉಗ್ರವಾದುದು ಗ್ಲಿಯೋಬ್ಲಾಸ್ಟೋಮಾ. ಇದು ಹುಲ್ಲಿನ ಬೇರಿನಂತೆ ಸುತ್ತಲಿನ ಮಿದುಳಿನೊಳಗೆ ಹರಡುವುದರಿಂದ ಪೂರ್ತಿ ಕಿತ್ತು ತೆಗೆಯಲು ಆಗುವುದಿಲ್ಲ. ಶಸ್ತ್ರಚಿಕಿತ್ಸೆ, ವಿಕಿರಣ, ಟೆಮೊಜೊಲೊಮೈಡ್ ಮಾತ್ರೆ, ಇಷ್ಟೆಲ್ಲ ಕೊಟ್ಟರೂ ಬಹುಪಾಲು ರೋಗಿಗಳಲ್ಲಿ ಉಳಿದ ಕಾಂಡಕೋಶಗಳಿಂದ ಗಡ್ಡೆ ಮತ್ತೆ ಚಿಗುರುತ್ತದೆ.

ಈ ಗಡ್ಡೆಯ ಕೋಶಗಳಲ್ಲಿ ಪ್ರಿಯಾನ್ ಪ್ರೋಟೀನು ಹೆಚ್ಚಾಗಿರುವುದು ಕಂಡುಬಂದಿದೆ. ನೆನಪಿಡಿ, ಇದು ಆಕಾರ ಕೆಟ್ಟದ್ದಲ್ಲ, ಸಹಜವಾದದ್ದೇ. ಮಿದುಳನ್ನು ಕಾಯಬೇಕಾದ ಪ್ರೋಟೀನನ್ನು ಗಡ್ಡೆ ತನ್ನ ಬೆಳವಣಿಗೆಗೆ ದುಡಿಸಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಇದನ್ನು ಕಡಿಮೆ ಮಾಡಿದಾಗ ಗಡ್ಡೆಯ ಕೋಶಗಳ ಬೆಳವಣಿಗೆ ಕುಗ್ಗಿತು. ‘ಹಾಪ್’ ಎಂಬ ಇನ್ನೊಂದು ಪ್ರೋಟೀನು ಪ್ರಿಯಾನ್‌ಗೆ ಅಂಟಿಕೊಂಡು ಗಡ್ಡೆಗೆ ಪ್ರಚೋದನೆ ಕೊಡುತ್ತದೆ. ಈ ಜೋಡಿಯನ್ನು ಬಿಡಿಸಿದಾಗ ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ತಗ್ಗಿ, ಅವು ಹೆಚ್ಚು ದಿನ ಬದುಕಿದವೆಂದು ಬ್ರೆಜಿಲ್‌ನ ಸಂಶೋಧಕರು 2015ರಲ್ಲಿ ವರದಿ ಮಾಡಿದರು.

ಆದರೆ ಇಲಿಗೆ ಒಗ್ಗಿದ್ದೆಲ್ಲ ಮನುಷ್ಯನಿಗೆ ಒಗ್ಗುವುದಿಲ್ಲ. ‘ಪ್ರಿಯಾನ್ ಔಷಧ’ವೆಂದು ಯಾರಾದರೂ ಮಾರಲು ಬಂದರೆ ಹಣ ಕಳೆದುಕೊಳ್ಳಬೇಡಿ, ನಡೆಯುತ್ತಿರುವ ಚಿಕಿತ್ಸೆಯನ್ನೂ ನಿಲ್ಲಿಸಬೇಡಿ.

ಯಾವಾಗ ಎಚ್ಚರ?

ತಲೆನೋವೆಲ್ಲ ಗಡ್ಡೆಯಲ್ಲ. ಆದರೆ ದಿನದಿಂದ ದಿನಕ್ಕೆ ಹೆಚ್ಚುವ, ಬೆಳಗಿನ ಹೊತ್ತು ವಾಂತಿಯೊಡನೆ ಬರುವ ತಲೆನೋವು, ವಯಸ್ಕರಲ್ಲಿ ಮೊದಲ ಬಾರಿ ಕಾಣಿಸಿಕೊಂಡ ಫಿಟ್ಸ್, ಒಂದು ಕೈ ಅಥವಾ ಕಾಲಿನ ಶಕ್ತಿ ಕುಂದುವುದು, ಮಾತು ತೊದಲುವುದು, ಮರೆವು, ಸ್ವಭಾವ ಬದಲಾಗುವುದು, ಇವುಗಳಲ್ಲಿ ಯಾವುದೇ ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಿ. ಮಾತು ಅಥವಾ ಕೈಕಾಲಿನ ತೊಂದರೆ ಇದ್ದಕ್ಕಿದ್ದಂತೆ ಬಂದರೆ ಅದು ಪಾರ್ಶ್ವವಾಯುವೂ ಇರಬಹುದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮಿದುಳಿನ ಗಡ್ಡೆ ಮುಟ್ಟಿದರೆ, ಜೊತೆಗೆ ಉಂಡರೆ, ಪಕ್ಕದಲ್ಲಿ ಮಲಗಿದರೆ ಅಂಟುವುದಿಲ್ಲ. ಆ ಗೃಹಿಣಿಗೆ ನಾನು ಹೇಳಿದ್ದೂ ಇಷ್ಟೇ: ‘ಇವತ್ತು ರಾತ್ರಿಯೇ ಯಜಮಾನರನ್ನು ಮಕ್ಕಳ ಜೊತೆ ಊಟಕ್ಕೆ ಕೂರಿಸಿ, ತಾಯಿ. ಅವರಿಗಿರುವ ದಿನಗಳು ಎಷ್ಟೇ ಇರಲಿ, ಅವನ್ನು ಮನೆಯವರಿಂದ ದೂರ ಕಳೆಯುವಂತೆ ಮಾಡಬೇಡಿ.’