ನಿಮಗಿದು ಗೊತ್ತೆ? ಒಂದು ಸುತ್ತೂ ಹಾಕದೆ ಸವೆಯುವ ಬೇರಿಂಗ್!

ಕಡೂರಿನಿಂದ ತರೀಕೆರೆಗೆ ಬೈಕಿನಲ್ಲಿ ಹೊರಟರೆ ಚಕ್ರದ ಬೇರಿಂಗ್ ಪ್ರತಿ ಕಿಲೋಮೀಟರಿಗೆ 500ಕ್ಕೂ ಹೆಚ್ಚು ಸುತ್ತು ಹಾಕುತ್ತದೆ. ಅದೇ ಬೈಕಿನ ಹ್ಯಾಂಡಲ್ ಬೇರಿಂಗ್ ಇಡೀ ಆಯುಷ್ಯದಲ್ಲಿ ಒಂದು ಪೂರ್ತಿ ಸುತ್ತನ್ನೂ ಹಾಕುವುದಿಲ್ಲ. ಆದರೂ ಅದು ಹಾಳಾಗುತ್ತದೆ. ತಿರುಗದಿರುವುದೇ ಅದಕ್ಕೆ ಮುಖ್ಯ ಕಾರಣ!

ಮೆಕ್ಯಾನಿಕ್‌ಗಳು ಕೋನ್ ಸೆಟ್ ಎನ್ನುವ ಈ ಭಾಗದಲ್ಲಿ ಉಕ್ಕಿನ ಗುಂಡುಗಳು ಎರಡು ಬಳೆಗಳ ನಡುವೆ ಕೂತಿರುತ್ತವೆ. ನೇರ ರಸ್ತೆಯಲ್ಲಿ ಗುಂಡುಗಳು ಬಹುತೇಕ ಕದಲುವುದಿಲ್ಲ. ಗುಂಡಿ, ಹಂಪುಗಳ ಪ್ರತಿ ಹೊಡೆತವೂ ಅದೇ ಜಾಗಕ್ಕೆ ಬೀಳುತ್ತದೆ. ಅಲ್ಲಿನ ಗ್ರೀಸ್ ಪಕ್ಕಕ್ಕೆ ಸರಿಯುತ್ತದೆ. ಕ್ರಮೇಣ ಬಳೆಯ ಮೇಲೆ ಸಣ್ಣ ಕುಳಿಗಳು ಮೂಡುತ್ತವೆ.

ಇಂಥ ಕುಳಿ ಬೀಳುವುದನ್ನು ಎಂಜಿನಿಯರುಗಳು ‘ಬ್ರಿನೆಲಿಂಗ್’ ಎನ್ನುತ್ತಾರೆ. ಉಕ್ಕಿನ ಗುಂಡನ್ನು ಒತ್ತಿ ಲೋಹದ ಗಡಸುತನ ಅಳೆಯುವ ವಿಧಾನವನ್ನು 1900ರಲ್ಲಿ ತೋರಿಸಿದ ಸ್ವೀಡನ್ನಿನ ಯೋಹಾನ್ ಆಗಸ್ಟ್ ಬ್ರಿನೆಲ್ ಅವರ ಹೆಸರದು.

ಕಾರುಗಳಲ್ಲೂ ಇಂಥದ್ದೊಂದಿದೆ. ಮುಂದಿನ ಸ್ಟ್ರಟ್ ಸಸ್ಪೆನ್ಷನ್‌ನ ತುದಿಯ ಬೇರಿಂಗ್ ಗಾಡಿಯ ಭಾರ ಹೊತ್ತು, ಸ್ಟೀರಿಂಗ್ ತಿರುಗಿಸಿದಾಗ ಮಾತ್ರ ತುಸು ಹೊರಳುತ್ತದೆ. ಅದು ಕೆಟ್ಟರೆ ಸ್ಟೀರಿಂಗ್ ಬಿಗಿಯಾಗುತ್ತದೆ, ತಿರುಗಿಸುವಾಗ ಸದ್ದು ಬರುತ್ತದೆ.

ಬೈಕಿನಲ್ಲಿ ಪರೀಕ್ಷೆ ಸುಲಭ. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ. ಹ್ಯಾಂಡಲನ್ನು ಮೆಲ್ಲನೆ ಎಡಕ್ಕೂ ಬಲಕ್ಕೂ ತಿರುಗಿಸಿ. ನಟ್ಟನಡುವೆ ಬಂದಾಗ ‘ಟಕ್’ ಎಂದು ಸಿಕ್ಕಿಕೊಂಡರೆ ಬಳೆಯಲ್ಲಿ ಕುಳಿ ಬಿದ್ದಿದೆ ಎಂದೇ ಅರ್ಥ. ಗ್ರೀಸ್ ಹಾಕಿದರೂ ಕುಳಿ ಮುಚ್ಚುವುದಿಲ್ಲ. ಇಡೀ ಸೆಟ್ ಬದಲಿಸಬೇಕು.