ರೀಕಾಯಿಲ್ ಮುಂದೆ ಕ್ಯೂ ಬೇಗ ಕರಗಲ್ಲ ಯಾಕೆ? ಲೆಕ್ಕ ಇಲ್ಲಿದೆ

ಬಿಡದಿ: ಒಂದು ದಿನ ಅಂಗಡಿಗೆ ಬೀಗ ಹಾಕಿ ಮಕ್ಕಳನ್ನು ವಂಡರ್‌ಲಾಗೆ ಕರ್ಕೊಂಡು ಹೋದ್ರೆ, ಹೊತ್ತೆಲ್ಲ ಕ್ಯೂನಲ್ಲೇ ಹೋಯ್ತು ಅನ್ನೋರು ಬಹಳ.

ಇಲ್ಲಿನ ‘ರೀಕಾಯಿಲ್’ ರೋಲರ್ ಕೋಸ್ಟರ್ ಮುಂದಕ್ಕೆ ಹೋಗಿ ಅದೇ ಹಳಿಯಲ್ಲಿ ಹಿಂದಕ್ಕೆ ಬರುತ್ತದೆ. ಹೀಗಾಗಿ ಒಂದು ವಾಪಸ್ ಬರುವವರೆಗೆ ಇನ್ನೊಂದು ಬಿಡೋಕೆ ಆಗಲ್ಲ. ಒಂದು ಸುತ್ತಿಗೆ 28 ಜನ, ಹತ್ತಿಸಿ ಇಳಿಸೋದೂ ಸೇರಿ 4 ನಿಮಿಷ ಅಂತಿಟ್ಟುಕೊಂಡರೆ ಗಂಟೆಗೆ 420 ಜನ. ಅಂದರೆ ಮುಂದಿರುವ ಪ್ರತಿ ನೂರು ಮಂದಿಗೆ ಸುಮಾರು ಕಾಲು ಗಂಟೆ.

ಹೆಚ್ಚು ದುಡ್ಡಿನ ಫಾಸ್ಟ್‌ಟ್ರ್ಯಾಕ್ ಟಿಕೆಟ್‌ನವರು ಬೇರೆ ಸಾಲಿನಿಂದ ಹತ್ತಿದಷ್ಟೂ ಸಾಮಾನ್ಯ ಸಾಲು ನಿಧಾನ.

ಭಾನುವಾರ, ಹಬ್ಬದ ರಜೆ ತಪ್ಪಿಸಿ. ಗೇಟು ತೆರೆದ ಕೂಡಲೇ ದೊಡ್ಡ ರೈಡ್ ಮುಗಿಸಿಕೊಳ್ಳಿ. ಸಾಲಿಗೆ ನಿಲ್ಲುವ ಮುಂಚೆ ತಲೆ ಎಣಿಸಿ.