ಕಡಲಾಮೆಯ ದಾರಿಖರ್ಚು ಯಾರದು?

2025ರ ಜನವರಿ 27ರಂದು ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗುಹಾಗರ ಕಡಲತೀರಕ್ಕೆ ಮೊಟ್ಟೆಯಿಡಲು ಬಂದ ಆಲಿವ್ ರಿಡ್ಲೆ ಆಮೆಯೊಂದರ ಮುಂಗಾಲಿನಲ್ಲಿ ಲೋಹದ ಪುಟ್ಟ ಬಿಲ್ಲೆಯೊಂದಿತ್ತು. ಅದರ ಮೇಲಿದ್ದ ಸಂಖ್ಯೆ 03233. ದಾಖಲೆ ತೆಗೆದು ನೋಡಿದಾಗ, ಅದು 2021ರ ಮಾರ್ಚ್ 18ರಂದು ಒಡಿಶಾದ ಗಹಿರಮಾಥಾದಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ವಿಜ್ಞಾನಿಗಳು ತೊಡಿಸಿದ ಬಿಲ್ಲೆ ಎಂಬುದು ತಿಳಿಯಿತು. ಎರಡು ತೀರಗಳ ನಡುವಿನ ಕಡಲ ಹಾದಿ ಸುಮಾರು 3,500 ಕಿ.ಮೀ. ಪೂರ್ವ ಮತ್ತು ಪಶ್ಚಿಮ ಕರಾವಳಿಯ ಆಮೆಗಳು ಬೇರೆ ಬೇರೆ ಬಳಗದವು ಎಂಬ ಗ್ರಹಿಕೆಯನ್ನು ಮರುಪರಿಶೀಲಿಸುವಂತೆ ಮಾಡಿತು ಆ ಒಂದು ಬಿಲ್ಲೆ.

ಸಮುದ್ರದ ಗಾಳಿಯೂ ಸುಳಿಯದ ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಲ್ಲಿ ಕುಳಿತವನಿಗೆ ಆಮೆಯ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ನಮ್ಮೂರಿನ ಎತ್ತು, ಎಮ್ಮೆಗಳ ಕಿವಿಯಲ್ಲೂ ಈಗ ಹನ್ನೆರಡು ಅಂಕಿಗಳ ಹಳದಿ ಬಿಲ್ಲೆ ತೂಗುತ್ತಿದೆ. ಬಿಲ್ಲೆ ಹಾಕುವುದು ಸುಲಭ. ಅದನ್ನು ಮತ್ತೊಮ್ಮೆ ಓದಿ, ಬರೆದು, ಸಂಬಂಧಪಟ್ಟವರಿಗೆ ಮುಟ್ಟಿಸುವವನೊಬ್ಬ ಇರದಿದ್ದರೆ ಅದು ಬರಿಯ ಆಭರಣ. ಸರ್ಕಾರಿ ಸೇವೆಯಲ್ಲಿ ದಶಕಗಳ ಕಾಲ ಕಡತಗಳೊಂದಿಗೆ ಬಾಳಿದ ನನಗೆ ಗುಹಾಗರದ ಘಟನೆಯಲ್ಲಿ ಆಮೆಯ ಈಜಿಗಿಂತ ಮಿಗಿಲಾಗಿ ಕಂಡದ್ದು, ಕತ್ತಲಲ್ಲಿ ಬಾಗಿ ಆ ಸಂಖ್ಯೆಯನ್ನು ಓದಿದವರ ಕರ್ತವ್ಯನಿಷ್ಠೆ.

ಆದರೆ ಕಾಲಿನ ಬಿಲ್ಲೆ ಹೇಳುವುದು ಎರಡೇ ಮಾತು: ಹೊರಟದ್ದೆಲ್ಲಿ, ಸಿಕ್ಕಿದ್ದೆಲ್ಲಿ. ನಡುವಿನ ದಾರಿಯನ್ನು ತಿಳಿಯಲು ಉಪಗ್ರಹದ ನೆರವು ಬೇಕು. ಆಮೆಯ ಚಿಪ್ಪಿಗೆ ಅಂಟಿಸಿದ ಸಣ್ಣ ಯಂತ್ರ, ಅದು ಉಸಿರಾಡಲು ನೀರಿನ ಮೇಲೆ ಬಂದಾಗಲೆಲ್ಲ ಸಂಕೇತ ಕಳುಹಿಸುತ್ತದೆ. ಮಹಾರಾಷ್ಟ್ರದ ಮ್ಯಾಂಗ್ರೋವ್ ಪ್ರತಿಷ್ಠಾನ ಮತ್ತು ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ 2022ರಲ್ಲಿ ಐದು ಆಮೆಗಳಿಗೆ, 2023ರ ಫೆಬ್ರುವರಿಯಲ್ಲಿ ಮತ್ತೆರಡಕ್ಕೆ ಇಂಥ ಯಂತ್ರ ಅಳವಡಿಸಿದವು. ಗುಹಾಗರದಿಂದ ಹೊರಟ ‘ಬಾಗೇಶ್ರೀ’ ತೆಂಕಣಕ್ಕೆ ಸಾಗಿ, ಕರ್ನಾಟಕ, ಕೇರಳಗಳ ಎದುರಿನ ಕಡಲನ್ನು ದಾಟಿ, ಶ್ರೀಲಂಕಾವನ್ನು ಬಳಸಿ, ಅದೇ ವರ್ಷದ ಜುಲೈ ವೇಳೆಗೆ ಬಂಗಾಳ ಕೊಲ್ಲಿಯನ್ನು ಸೇರಿತು. ಜೊತೆಗಾತಿ ‘ಗುಹಾ’ ಲಕ್ಷದ್ವೀಪದ ಕಡೆಗೆ ತಿರುಗಿತು.

ಹೀಗೆ ಹಾದುಹೋಗುವ ಜೀವಕ್ಕೆ ನಮ್ಮ ಕರಾವಳಿ ಬರಿಯ ದಾರಿಯಲ್ಲ, ತವರೂ ಹೌದು. ಕಾರವಾರ, ಹೊನ್ನಾವರ, ಕುಂದಾಪುರದ ಮರಳಿನಲ್ಲಿ ಆಲಿವ್ ರಿಡ್ಲೆ ಮೊಟ್ಟೆಯಿಡುತ್ತದೆ. 2024ರ ಆರಂಭದಲ್ಲಿ ಮಂಗಳೂರಿನ ಸಸಿಹಿತ್ಲು, ತಣ್ಣೀರುಬಾವಿಯ ಆಸುಪಾಸಿನಲ್ಲೂ ಗೂಡುಗಳು ಕಂಡವು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಹೋರಾಡಿದ ಮೀನುಗಾರರ ವಾದಗಳಲ್ಲಿ, ಅದು ಆಮೆಯ ಹೆರಿಗೆಮನೆ ಎಂಬುದೂ ಒಂದು.

ಇಲ್ಲಿ ಅರ್ಥಶಾಸ್ತ್ರದ ಪ್ರಶ್ನೆ ಏಳುತ್ತದೆ. ಸುಗ್ಗಿ ಮುಗಿದ ಮೇಲೆ ಬೆಳಗಾವಿ ಕಡೆಯ ಕುರಿಗಾಹಿಗಳು ಹಿಂಡು ಹೊಡೆದುಕೊಂಡು ನಮ್ಮ ಸೀಮೆಗೆ ಬರುತ್ತಾರೆ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ನೆಲಕ್ಕೆ ಗೊಬ್ಬರ. ಅದಕ್ಕೆ ಪ್ರತಿಯಾಗಿ ರೈತ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಅತಿಥಿಗೂ ಲಾಭ, ಆತಿಥೇಯನಿಗೂ ಲಾಭ. ಹಾಗಾಗಿ ಯಾವ ಆದೇಶವೂ ಇಲ್ಲದೆ ಆ ವಲಸೆ ತಲೆಮಾರುಗಳಿಂದ ನಡೆದುಬಂದಿದೆ. ಕಡಲಾಮೆಯ ವಲಸೆಯಲ್ಲಿ ಈ ಲೆಕ್ಕ ಕೂಡುವುದಿಲ್ಲ. ಬಲೆಗೆ ಬಿದ್ದ ಆಮೆಯನ್ನು ಬಿಡಿಸಲು ಬಲೆ ಕತ್ತರಿಸಬೇಕಾದವನು ಬಡ ಮೀನುಗಾರ. ಅದು ಉಳಿದದ್ದರ ಪುಣ್ಯ ಇಡೀ ಜಗತ್ತಿಗೆ. ನಷ್ಟ ಒಬ್ಬನದು, ಲಾಭ ಎಲ್ಲರದು ಎಂದಾದಾಗ ಮಾರುಕಟ್ಟೆ ಮೌನವಾಗುತ್ತದೆ. ಮಾತಾಡಬೇಕಾದದ್ದು ಸರ್ಕಾರ.

ಸರ್ಕಾರ ಮಾತಾಡದಿದ್ದರೆ ಹೊರಗಿನವರು ಮಾತಾಡುತ್ತಾರೆ. ಆಮೆ ಹೊರಬರುವ ಕಿಂಡಿಯುಳ್ಳ ಬಲೆ ಬಳಸದ ದೇಶಗಳ ಸೀಗಡಿಗೆ ಅಮೆರಿಕ ಬಾಗಿಲು ಮುಚ್ಚಿದಾಗ ಭಾರತ, ಮಲೇಷ್ಯಾ, ಪಾಕಿಸ್ತಾನ ಮತ್ತು ಥಾಯ್ಲೆಂಡ್ ವಿಶ್ವ ವಾಣಿಜ್ಯ ಸಂಸ್ಥೆಯ ಮೊರೆಹೋದವು. ಅಮೆರಿಕ ತನ್ನ ಕಾಯ್ದೆಯನ್ನು ತಾರತಮ್ಯದಿಂದ ಜಾರಿಗೊಳಿಸಿದೆ ಎಂದು 1998ರಲ್ಲಿ ಮೇಲ್ಮನವಿ ಮಂಡಳಿ ಹೇಳಿತು. ಆದರೆ ಆಮೆಯನ್ನು ರಕ್ಷಿಸುವ ಉದ್ದೇಶವನ್ನು ಅದು ತಳ್ಳಿಹಾಕಲಿಲ್ಲ. 2019ರಲ್ಲಿ ಅದೇ ಕಾರಣಕ್ಕೆ ಭಾರತದ ಕಡಲಿನಿಂದ ಹಿಡಿದ ಸೀಗಡಿಯ ಆಮದನ್ನು ಅಮೆರಿಕ ನಿಲ್ಲಿಸಿತು. ಎರಡು ದಶಕಗಳ ಕಾಲಾವಕಾಶವನ್ನು ನಾವು ಬಳಸಿಕೊಂಡಿದ್ದರೆ ಆ ಪೆಟ್ಟು ತಪ್ಪುತ್ತಿತ್ತು.

ನಮ್ಮಲ್ಲಿ ನಿಯಮಗಳಿಲ್ಲವೆಂದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಈ ಆಮೆಗೆ ಹುಲಿಯ ಸಮಾನ ಸ್ಥಾನವಿದೆ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ರಜೆಯೂ ಇದೆ. ಆದರೆ ಆ ರಜೆ ಮೀನಿನ ಸಂತಾನಕ್ಕಾಗಿ ನಿಗದಿಯಾದದ್ದು. ಆಮೆಗಳು ನಮ್ಮ ದಡಕ್ಕೆ ಬರುವುದು ಮುಖ್ಯವಾಗಿ ಚಳಿಗಾಲದಲ್ಲಿ, ಅಂದರೆ ಬಲೆಗಳೆಲ್ಲ ನೀರಿನಲ್ಲಿರುವಾಗ. ಒಡಿಶಾ ತನ್ನ ಮುಖ್ಯ ಆಮೆ ತೀರಗಳ ಎದುರು ನವೆಂಬರಿನಿಂದ ಮೇ ತನಕ ಮೀನುಗಾರಿಕೆ ನಿಷೇಧಿಸಿ, ಬಾಧಿತ ಸಾಂಪ್ರದಾಯಿಕ ಮೀನುಗಾರರಿಗೆ ಸಹಾಯಧನ ಕೊಡುತ್ತದೆ. ಅಲ್ಲಿಯಂತೆ ಲಕ್ಷಗಟ್ಟಲೆ ಆಮೆ ಒಟ್ಟಿಗೆ ಬರದ ನಮ್ಮ ಕಡಲಿಗೆ ಅಷ್ಟು ದೀರ್ಘ ನಿಷೇಧ ಬೇಕಿಲ್ಲ. ಆದರೆ ಆಮೆ ಯಾವ ತಿಂಗಳು, ಎಷ್ಟು ದೂರದಲ್ಲಿ ಹಾದುಹೋಗುತ್ತದೆಂಬ ಉಪಗ್ರಹದ ಮಾಹಿತಿ ಕೈಯಲ್ಲಿದ್ದರೆ ನಿರ್ಬಂಧವನ್ನು ಬೇಕಾದಷ್ಟೇ ಜಾಗಕ್ಕೆ, ಬೇಕಾದಷ್ಟೇ ದಿನಕ್ಕೆ ಮಿತಗೊಳಿಸಬಹುದು. ಮಾಹಿತಿ ಹೆಚ್ಚಿದಷ್ಟೂ ಮೀನುಗಾರನ ಹೊರೆ ಇಳಿಯುತ್ತದೆ.

ಆಗಬೇಕಾದದ್ದು ಮೂರು ಕೆಲಸ. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡಗಳ ಪ್ರತಿ ಬಂದರಿನಲ್ಲೂ ಬಿಲ್ಲೆಯ ಸಂಖ್ಯೆ ಬರೆದಿಡುವ ವಹಿ ಇರಬೇಕು. ಅದು ಇತರ ಕರಾವಳಿ ರಾಜ್ಯಗಳ ದಾಖಲೆಯೊಂದಿಗೆ ತಾಳೆಯಾಗಬೇಕು. ನಮ್ಮ ತೀರದಲ್ಲಿ ಮೊಟ್ಟೆಯಿಡುವ ಕೆಲವು ಆಮೆಗಳಿಗಾದರೂ ಉಪಗ್ರಹ ಯಂತ್ರ ತೊಡಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬಲೆ ಕತ್ತರಿಸಿ ಆಮೆಯನ್ನು ಬಿಟ್ಟವನಿಗೆ ಪರಿಹಾರ ತಡವಿಲ್ಲದೆ ತಲುಪಬೇಕು. ಮಹಾರಾಷ್ಟ್ರ 2018ರಿಂದ ಇದಕ್ಕಾಗಿ ರೂ. 25,000ದವರೆಗೆ ಕೊಡುತ್ತಿದೆ. ಹೊಸ ಬಲೆಗೆ ಸಾಲ ಮಾಡಬೇಕಾದವನಿಗೆ ಬರಿಯ ಶ್ಲಾಘನಾ ಪತ್ರ ಕೊಟ್ಟರೆ, ಮುಂದಿನ ಸಲ ಅವನು ಆಮೆ ಕಂಡದ್ದನ್ನೇ ಯಾರಿಗೂ ಹೇಳಲಾರ.